ನಾಲ್ಕನೇ ಹಂತಕ್ಕೆ ಲಕ್ಷ, ಮೊದಲನೇ ಹಂತಕ್ಕೆ ಮೌನ

ಕಳೆದ ರಂಝಾನಿನಲ್ಲಿ ಒಂದೇ ವಾರದಲ್ಲಿ ನನ್ನ ಫೋನಿಗೆ ಮೂರು ವಾಟ್ಸಾಪ್ ಮನವಿ ಬಂದವು. ಮೂರೂ ಹೆಂಗಸರ ಚಿಕಿತ್ಸೆಗೆ. ಆಸ್ಪತ್ರೆ ಬಿಲ್ಲಿನ ಫೋಟೋ, ಜಮಾಅತ್ ಕಮಿಟಿಯ ಲೆಟರ್‌ಹೆಡ್, ಕೆಳಗೆ ಗೂಗಲ್ ಪೇ ನಂಬರ್. ಎರಡರಲ್ಲಿ ‘ಮಾರಕ ರೋಗ’ ಎಂದು ಬರೆದಿತ್ತು, ಒಂದರಲ್ಲಿ ‘ಕ್ಯಾನ್ಸರ್’ ಎಂದು. ಎಲ್ಲಿಯ ಕ್ಯಾನ್ಸರ್ ಎಂದು ಯಾವುದರಲ್ಲೂ ಇರಲಿಲ್ಲ. ಮನೆಯವರಲ್ಲಿ ವಿಚಾರಿಸಿದಾಗ ಗೊತ್ತಾಯಿತು, ಇಬ್ಬರಿಗೆ ಸ್ತನದ ಕ್ಯಾನ್ಸರ್. ಇಬ್ಬರಿಗೂ ಅದು ಮೂಳೆಗೆ ಇಳಿದ ಮೇಲೆ ಪತ್ತೆಯಾದದ್ದು.

ಹಣ ಎರಡು ದಿನದಲ್ಲಿ ಸೇರಿತು. ದುಬೈಯಿಂದ, ದಮ್ಮಾಮಿನಿಂದ, ಬೆಂಗಳೂರಿನ ಬೇಕರಿಗಳಿಂದ. ನಮ್ಮವರ ಕೈ ದೊಡ್ಡದು, ಅದನ್ನು ನಾನು ಕೀಳು ಮಾಡುವುದಿಲ್ಲ. ನಾನೂ ಕೊಟ್ಟಿದ್ದೇನೆ. ಆದರೆ ಕೊಟ್ಟು ಫೋನ್ ಕೆಳಗಿಟ್ಟಾಗ ನನಗೆ ಸಿಟ್ಟು ಬಂತು. ಆ ಸಿಟ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದಿ ಯಾರಿಗಾದರೂ ಬೇಸರವಾದರೆ ಆಗಲಿ.

ಮೊದಲು ನನ್ನದೇ ತಪ್ಪು ಹೇಳುತ್ತೇನೆ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದು ಗಡಿನಾಡಿನ ಯಾರಿಗೂ ಮರೆತಿರಲಿಕ್ಕಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯ ನಮಗೆ ಆಸ್ಪತ್ರೆ ಎಂದರೆ ಮಂಗಳೂರು. ಆಂಬುಲೆನ್ಸುಗಳು ಗಡಿಯಿಂದ ವಾಪಸಾದವು, ಜನ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಯಲು ಹೇಳಿತು, ಪ್ರಕರಣ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಸಮಯದಲ್ಲಿ ನನ್ನ ಮಾಮಿಗೆ ಮಂಗಳೂರಿನಲ್ಲಿ ಕೀಮೋ ನಡೆಯುತ್ತಿತ್ತು. ಒಂದು ಸರ್ತಿಯದ್ದು ತಪ್ಪಿಹೋಯಿತು. ಆಗಸ್ಟಿನಲ್ಲಿ ಮಾಮಿ ತೀರಿಕೊಂಡರು. ಆಮೇಲೆ ವರ್ಷಗಟ್ಟಲೆ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಒಂದೇ ಮಾತು: ಮಾಮಿಯನ್ನು ಗಡಿ ಕೊಂದಿತು.

ಅದು ಸುಳ್ಳು. ರಸ್ತೆ ಮುಚ್ಚಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಮಿಯ ಕೈಗೆ ಗಂಟು ಸಿಕ್ಕಿದ್ದು 2018ರ ಮಳೆಗಾಲಕ್ಕೆ ಮೊದಲು. ಡಾಕ್ಟರ ಹತ್ತಿರ ಹೋದದ್ದು ಹನ್ನೊಂದು ತಿಂಗಳ ನಂತರ. ಆ ಹನ್ನೊಂದು ತಿಂಗಳೂ ತಲಪಾಡಿ ರಸ್ತೆ ತೆರೆದೇ ಇತ್ತು. ಐದು ನಿಮಿಷಕ್ಕೊಂದು ಬಸ್ಸು ಹೋಗುತ್ತಿತ್ತು. ಐದನೇ ತಿಂಗಳಲ್ಲಿ ಒಂದು ಮದುವೆ ಮನೆಯ ಅಡಿಗೆ ಕೋಣೆಯಲ್ಲಿ, ಪತ್ತಿರ್ ಬೇಯಿಸುತ್ತಾ, ಮಾಮಿ ನನ್ನ ಕಿವಿಯಲ್ಲಿ ಹೇಳಿದ್ದರು: “ಇಲ್ಲಿ ಎಂತದೋ ಒಂದು ಗಟ್ಟಿ ಉಂಟು. ನೋವು ಇಲ್ಲ. ಹಾಲು ಕಟ್ಟಿದ ಗಂಟು ಇರಬೇಕು.” ಮಾಮಿಗೆ ಆಗ 52 ವರ್ಷ. ಕೊನೆಯ ಮಗನಿಗೆ 19. ಎಲ್ಲಿಯ ಹಾಲು? ಟೀಚರ್ ಆದ ನಾನು ಅದನ್ನು ಕೇಳಲಿಲ್ಲ. “ಮಾಮ ರಜೆಯಲ್ಲಿ ಬರಲಿ, ತೋರಿಸುವ” ಎಂದೆ. ಮಾಮ ಅಬುಧಾಬಿಯಿಂದ ಬಂದದ್ದು ನಾಲ್ಕು ತಿಂಗಳ ನಂತರ. ಆಮೇಲೆ ಎರಡು ತಿಂಗಳು ಓದಿಸಿದ ನೀರು, ಯಾರೋ ಕೊಟ್ಟ ಎಣ್ಣೆ.

ನೋವಿಲ್ಲ ಎನ್ನುವುದೇ ನಮ್ಮ ಹೆಂಗಸರಿಗೆ ಸಮಾಧಾನ. ಸ್ತನದ ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ನೋಯದ ಗಟ್ಟಿ ಗಂಟು, ಒಳಗೆ ಎಳೆದುಕೊಂಡ ತೊಟ್ಟು, ಕಿತ್ತಳೆ ಸಿಪ್ಪೆಯ ಹಾಗೆ ಗುಳಿಬಿದ್ದ ಚರ್ಮ, ತೊಟ್ಟಿನಿಂದ ರಕ್ತ ಬೆರೆತ ನೀರು, ಕಂಕುಳಲ್ಲಿ ಗಡ್ಡೆ: ಇವುಗಳಲ್ಲಿ ಒಂದು ಕಂಡರೂ ಆ ವಾರವೇ ತೋರಿಸಬೇಕು. ಹೆದರಿ ಕೂರುವವರಿಗೆ ಇನ್ನೊಂದು ಮಾತು: ಸ್ತನದಲ್ಲಿ ಸಿಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೇ ಅಲ್ಲ. ತೋರಿಸಿದರೆ ಬಹಳ ಮಂದಿ ನಗುತ್ತಲೇ ಮನೆಗೆ ಬರುತ್ತಾರೆ.

“ಕ್ಯಾನ್ಸರ್ ಬಂದರೆ ಮುಗಿಯಿತು, ಅಲ್ಲಾಹನ ವಿಧಿ” ಎನ್ನುವವರ ಮುಂದೆ ಕೆಲವು ಲೆಕ್ಕ ಇಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ತುಂಬಾ ಮುಂದುವರಿದ ದೇಶಗಳಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಸ್ತನದ ಕ್ಯಾನ್ಸರ್ ಪತ್ತೆಯಾಗುತ್ತದೆ, ಅದರಿಂದ ಸಾಯುವವರು 71ರಲ್ಲಿ ಒಬ್ಬರು. ತೀರಾ ಹಿಂದುಳಿದ ದೇಶಗಳಲ್ಲಿ ಪತ್ತೆಯಾಗುವುದೇ 27ರಲ್ಲಿ ಒಬ್ಬರಿಗೆ, ಸಾಯುವವರು 48ರಲ್ಲಿ ಒಬ್ಬರು. ಇನ್ನೊಮ್ಮೆ ಓದಿ. ರೋಗ ಕಡಿಮೆ ಇರುವ ಕಡೆ ಸಾವು ಜಾಸ್ತಿ. 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, ಸುಮಾರು 98 ಸಾವಿರ ಸಾವು. ಸ್ಥೂಲವಾಗಿ, ಇಬ್ಬರಿಗೆ ಬಂದರೆ ಒಂದು ಮಯ್ಯತ್. ಅಮೆರಿಕದಲ್ಲಿ ಆರು ಮಂದಿಗೆ ಬಂದರೆ ಒಂದು. ಅಲ್ಲಿ 1989ರಿಂದ 2022ರ ಒಳಗೆ ಈ ರೋಗದ ಸಾವಿನ ಪ್ರಮಾಣ ಶೇಕಡಾ 40ಕ್ಕಿಂತ ಹೆಚ್ಚು ಇಳಿದಿದೆ. ಬೇಗ ಪತ್ತೆ ಹಚ್ಚಿದ್ದು, ಒಳ್ಳೆಯ ಔಷಧಿ, ಅದನ್ನು ಪೂರ್ತಿ ತೆಗೆದುಕೊಂಡದ್ದು, ಇಷ್ಟೇ ಕಾರಣ. ಅದೇ ಅಮೆರಿಕದಲ್ಲಿ ಕಪ್ಪು ಹೆಂಗಸರಿಗೆ ಈ ಕಾಯಿಲೆ ಬಿಳಿಯರಿಗಿಂತ ತುಸು ಕಡಿಮೆ, ಆದರೆ ಸಾಯುವ ಪ್ರಮಾಣ ಶೇಕಡಾ 40ರಷ್ಟು ಹೆಚ್ಚು. ವಿಧಿ ಚರ್ಮದ ಬಣ್ಣ ನೋಡಿ ಬರುತ್ತದೆಯೇ?

ಅಮೆರಿಕ ದೂರವಾಯಿತು ಎಂದರೆ ನಮ್ಮ ದೇಶದ್ದೇ ನೋಡಿ. ದೇಶದ 11 ಕಡೆಯ ಕ್ಯಾನ್ಸರ್ ನೋಂದಣಿಗಳ ಲೆಕ್ಕ ಹಿಡಿದು, 2012ರಿಂದ 2015ರ ನಡುವೆ ರೋಗ ಪತ್ತೆಯಾದ ಹೆಂಗಸರ ಮೇಲೆ ನಡೆದ ಅಧ್ಯಯನವೊಂದಿದೆ. ಐದು ವರ್ಷ ದಾಟಿ ಬದುಕಿದವರು ಒಟ್ಟಾರೆ ಶೇಕಡಾ 66ರಷ್ಟು. ಮಿಜೋರಾಮಿನಲ್ಲಿ ಅದು ಸುಮಾರು 75. ಅರುಣಾಚಲದ ಪಾಸಿಘಾಟಿನಲ್ಲಿ ಸುಮಾರು 42. ಎರಡೂ ಈಶಾನ್ಯದ ಗುಡ್ಡಗಾಡು. ನಮ್ಮ ಕೇರಳದ ಕೊಲ್ಲಂ, ತಿರುವನಂತಪುರ ಸರಾಸರಿಗಿಂತ ಮೇಲೆಯೇ ಇವೆ. ಇದಕ್ಕಿಂತ ದೊಡ್ಡ ವ್ಯತ್ಯಾಸ ಊರಿನಿಂದ ಊರಿಗೆ ಅಲ್ಲ, ಹಂತದಿಂದ ಹಂತಕ್ಕೆ. ಗಂಟು ಸ್ತನದೊಳಗೇ ಇದ್ದಾಗ ಬಂದವರಲ್ಲಿ ಐದು ವರ್ಷ ದಾಟಿದವರು ನೂರಕ್ಕೆ 81. ದೂರದ ಅಂಗಗಳಿಗೆ ಹರಡಿದ ಮೇಲೆ ಬಂದವರಲ್ಲಿ 18. ಮಾಮಿ ಈ ಎರಡು ಅಂಕೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆದುಹೋದದ್ದು ಆ ಹನ್ನೊಂದು ತಿಂಗಳಲ್ಲಿ ಎಂದು ನನ್ನ ನಂಬಿಕೆ.

ಈಗ ನಮ್ಮ ಮನೆಗಳ ನೆಪಗಳಿಗೆ ಬರುತ್ತೇನೆ.

“ಆರು ಮಕ್ಕಳಿಗೆ ಎರಡೆರಡು ವರ್ಷ ಹಾಲು ಕೊಟ್ಟವಳು, ಅವಳಿಗೆ ಆ ರೋಗ ಬರುವುದಿಲ್ಲ.” ಮಾಮಿಯ ಬಗ್ಗೆ ಇದನ್ನೇ ಹೇಳಿದ್ದರು. ಹಾಲುಣಿಸುವುದರಿಂದ ಅಪಾಯ ಕಡಿಮೆಯಾಗುವುದು ನಿಜ, ಎಷ್ಟು ತಿಂಗಳು ಉಣಿಸಿದರೆ ಅಷ್ಟು ಕಡಿಮೆ. ಕಡಿಮೆ ಎಂದರೆ ಇಲ್ಲ ಎಂದಲ್ಲ. ನಮ್ಮ ಹುಡುಗಿಯರ ಬದುಕು ಬೇರೆ ಬದಲಾಗಿದೆ: ಓದು, ತಡವಾದ ಮದುವೆ, ಒಂದೆರಡು ಮಕ್ಕಳು, ಮೈಬಗ್ಗದ ಕೆಲಸ. ಓದು ಬೇಡವೆಂದು ನಾನು ಹೇಳುತ್ತಿಲ್ಲ, ಹಾಗೆ ತಿರುಚುವವರು ಇದ್ದಾರೆ ಎಂದು ಮೊದಲೇ ಹೇಳಿಡುತ್ತೇನೆ. ಉಮ್ಮಂದಿರಿಗೆ ಇದ್ದ ರಕ್ಷಣೆ ಮಗಳಂದಿರಿಗೆ ಅಷ್ಟಿಲ್ಲ, ಹಾಗಾಗಿ ಎಚ್ಚರ ಹೆಚ್ಚು ಬೇಕು, ಅಷ್ಟೇ.

“ಸೂಜಿ ಹಾಕಿದರೆ ಹರಡುತ್ತದೆ.” ಇದನ್ನು ನಮ್ಮಲ್ಲಿ ಹೇಳದವರಿಲ್ಲ. ಸೂಜಿ ಹಾಕಿ ಪರೀಕ್ಷೆ ಮಾಡದೆ ಯಾವ ಡಾಕ್ಟರಿಗೂ ಅದು ಏನೆಂದು ಹೇಳಲಿಕ್ಕೆ ಆಗುವುದಿಲ್ಲ. ಸೂಜಿಗೆ ಹೆದರಿ ಬಿಟ್ಟ ತಿಂಗಳುಗಳಲ್ಲಿ ಅದು ತಾನಾಗಿಯೇ ಹರಡುತ್ತದೆ.

“ಹೆಣ್ಣು ಡಾಕ್ಟರ್ ಸಿಗಲಿ.” ಸಿಗಲಿ, ನನಗೂ ಅದೇ ಇಷ್ಟ. ಹುಡುಕಿ ಕರೆತರುವುದು ಗಂಡಸರ ಜವಾಬ್ದಾರಿ. ಸಿಗದಿದ್ದರೆ ಅಗತ್ಯಕ್ಕೆ ಗಂಡು ಡಾಕ್ಟರಿಗೆ ತೋರಿಸಬಹುದು ಎಂದು ನಮ್ಮ ಉಸ್ತಾದರೇ ಕೇಳಿದವರಿಗೆ ಹೇಳುತ್ತಾರೆ. ಕೇಳುವವರು ಇಲ್ಲ. ಹೆರಿಗೆಯ ಸಮಯದಲ್ಲಿ ಯಾರೂ ಕೇಳದ ಪ್ರಶ್ನೆ ಇಲ್ಲಿ ಮಾತ್ರ ಯಾಕೆ ಏಳುತ್ತದೆ?

ಕೊನೆಯದ್ದು, ಯಾರೂ ಗಟ್ಟಿಯಾಗಿ ಹೇಳದ್ದು: “ಗೊತ್ತಾದರೆ ಮಗಳಿಗೆ ಸಂಬಂಧ ಬರುವುದಿಲ್ಲ.” ಮಾಮಿಯ ಎರಡನೇ ಮಗಳಿಗೆ ಆಗ ಮಾತುಕತೆ ನಡೆಯುತ್ತಿತ್ತು. ಮಾಮಿ ಬಾಯಿ ಬಿಡದಿರಲು ಅದೇ ನಿಜವಾದ ಕಾರಣ ಎಂದು ನನಗೆ ಗೊತ್ತಾದದ್ದು ಆಮೇಲೆ. ತಾಯಿಯಿಂದ ಮಗಳಿಗೆ ವಂಶವಾಹಿಯಾಗಿ ಬರುವ ಸ್ತನದ ಕ್ಯಾನ್ಸರ್ ನೂರರಲ್ಲಿ ಐದರಿಂದ ಹತ್ತು ಮಾತ್ರ. ಆ ಕುಟುಂಬಗಳಲ್ಲಿಯೂ ಮುಚ್ಚಿಡುವುದರಿಂದ ಮಗಳಿಗೆ ಹಾನಿಯೇ, ಅವಳು ಬೇಗ ಪರೀಕ್ಷೆ ಮಾಡಿಸಿಕೊಳ್ಳಬೇಕಾದವಳು. ಸಂಬಂಧ ನೋಡಲು ಬಂದು ಉಮ್ಮನ ಕಾಯಿಲೆ ಕೆದಕುವ ಗಂಡಿನ ಕಡೆಯವರೇ, ನಿಮ್ಮಲ್ಲೂ ಹೆಂಗಸರು ಇದ್ದಾರೆ.

ಒಂದು ಶಬ್ದದ ವಿಷಯವೂ ಹೇಳಬೇಕು. ಮೊಲೆಹಾಲು ಎನ್ನಲು ನಮಗೆ ನಾಚಿಕೆ ಇಲ್ಲ. ಅದರಿಂದ ‘ಹಾಲು’ ತೆಗೆದರೆ ಉಳಿಯುವ ಶಬ್ದಕ್ಕೆ ಇಡೀ ಊರು ತಲೆ ತಗ್ಗಿಸುತ್ತದೆ. ‘ಎದೆ’ ಎನ್ನುತ್ತೇವೆ, ‘ಒಳಗೆ’ ಎನ್ನುತ್ತೇವೆ, ‘ಹೆಂಗಸರ ಕಾಯಿಲೆ’ ಎನ್ನುತ್ತೇವೆ. ಮಾಮಿ ಮೊದಲು ಹೋದಲ್ಲಿ ‘ಎದೆಯಲ್ಲಿ ತೊಂದರೆ’ ಎಂದು ಹೇಳಿ ಇಸಿಜಿ ಮಾಡಿಸಿಕೊಂಡು ಬಂದಿದ್ದರು! ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿದೆ. ಮನೆಗೆ ಬಂದ ಜಾಗೃತಿಯ ಚೀಟಿ ಮಲಯಾಳದಲ್ಲಿತ್ತು. ಮಾಮಿ ಕನ್ನಡ ಶಾಲೆಯಲ್ಲಿ ಏಳನೇ ತರಗತಿ ಓದಿದವರು. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಲಿಪಿ ಬರುವುದಿಲ್ಲ. ‘ಸ್ತನಾರ್ಬುದಂ’ ಎಂದು ಯಾರಾದರೂ ಓದಿ ಹೇಳಿದ್ದರೂ ಅದು ಕ್ಯಾನ್ಸರ್ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಕಾಸರಗೋಡಿನ ಕನ್ನಡಿಗರಿಗೆ ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕೊಟ್ಟಿದೆ. ಶಾಲೆಗೆ, ಬೋರ್ಡಿಗೆ ನಾವು ಹೋರಾಡಿದ್ದೇವೆ, ಸರಿ. ಈ ಚೀಟಿಗೆ ಯಾರು ಅರ್ಜಿ ಕೊಟ್ಟಿದ್ದಾರೆ? ಸರಕಾರ ಕನ್ನಡದಲ್ಲಿ ಕೊಡುವವರೆಗೆ ಬ್ಯಾರಿ ಭಾಷೆಯಲ್ಲಿ ಎರಡು ನಿಮಿಷದ ಆಡಿಯೋ ಮಾಡಿ ಕಳಿಸಲು ನಮ್ಮ ಯುವಕರಿಗೆ ಯಾರು ಅಡ್ಡ ಬಂದದ್ದು? ಫುಟ್‌ಬಾಲ್ ಟೂರ್ನಮೆಂಟಿಗೆ ಮಾಡುತ್ತಾರಲ್ಲ.

ನಮ್ಮಿಂದ ಮಂಗಳೂರು ಒಂದು ಗಂಟೆಯೊಳಗೆ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಅದಕ್ಕಿಂತ ಬಹಳ ದೂರ, ಆದರೂ ರೈಲಿದೆ. ತಿರುವನಂತಪುರಕ್ಕೆ ಆರುನೂರು ಕಿಲೋಮೀಟರಿನ ಹತ್ತಿರ. ಗಡಿಯಾಚೆ ಈಚೆ ಕಾರ್ಡಿನ ರಗಳೆ, ಖರ್ಚು, ಜೊತೆಗೆ ಹೋಗುವವರ ಸಮಸ್ಯೆ ನನಗೂ ಗೊತ್ತು. ಆದರೆ ಮೊದಲನೇ ಪರೀಕ್ಷೆಗೆ ಇವು ಯಾವುದೂ ಬೇಡ. 1998ರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್‌ನವರು ಕೊಳೆಗೇರಿಗಳಲ್ಲಿ ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ಒಂದು ಅಧ್ಯಯನ ಶುರು ಮಾಡಿದರು. ಅರ್ಧದಷ್ಟು ಮಂದಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಬರಿಗೈಯಲ್ಲಿ ಸ್ತನ ಪರೀಕ್ಷೆ ಮಾಡಿದರು. ಡಾಕ್ಟರೂ ಅಲ್ಲ, ಮ್ಯಾಮೊಗ್ರಾಮೂ ಇಲ್ಲ. ಇಪ್ಪತ್ತು ವರ್ಷ ಕಾದು ಲೆಕ್ಕ ಹಾಕಿದಾಗ, 50 ದಾಟಿದವರಲ್ಲಿ ಈ ರೋಗದ ಸಾವು ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಅದಕ್ಕಿಂತ ಸಣ್ಣ ವಯಸ್ಸಿನವರಲ್ಲಿ ಅಂಥ ಲಾಭ ಕಾಣಲಿಲ್ಲ, ಇದನ್ನೂ ಹೇಳಬೇಕು. ಆದರೆ ನಮ್ಮ ಮಾಮಿಯಂದಿರ ವಯಸ್ಸು 50ರ ಮೇಲೆಯೇ ಅಲ್ಲವೇ?

2025ರ ಫೆಬ್ರವರಿಯಲ್ಲಿ ಕೇರಳ ಸರಕಾರ ‘ಆರೋಗ್ಯಂ ಆನಂದಂ’ ಎಂದು ಕ್ಯಾನ್ಸರ್ ತಪಾಸಣೆಯ ಅಭಿಯಾನ ಶುರು ಮಾಡಿದಾಗ ಮೊದಲು ಹೆಂಗಸರನ್ನೇ ಕರೆಯಿತು. ನನ್ನ ನೆರೆಯ ಏಳು ಮನೆಗಳಲ್ಲಿ ಕೇಳಿದೆ, ಎಷ್ಟು ಮಂದಿ ಹೋದಿರಿ ಎಂದು. ಒಬ್ಬರು. ಅವರೂ ಬೀಪಿ ಮಾತ್ರೆಗೆ ಹೋದವರು, ಅಲ್ಲಿ ಹೇಳಿದರೆಂದು ಮಾಡಿಸಿಕೊಂಡವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 30ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಹಾಗಾಗಿ ಇದು ಬ್ಯಾರಿಗಳ ತಪ್ಪು ಮಾತ್ರ ಅಲ್ಲ. ಆದರೆ ಬೇರೆಯವರಿಗೆ ಇಲ್ಲದ ಒಂದು ಸೌಲಭ್ಯ ನಮಗಿದೆ: ಪ್ರತೀ ಶುಕ್ರವಾರ ಊರಿನ ಅಷ್ಟೂ ಗಂಡಸರು ಒಂದೇ ಕಡೆ ಸೇರುತ್ತಾರೆ, ಮೈಕ್ ಇದೆ, ಮನೆ ಮನೆಯ ಲೆಕ್ಕ ಇರುವ ಕಮಿಟಿ ಇದೆ. ಕಳೆದು ಹೋದ ಆಡಿನ ವಿಷಯ ಆ ಮೈಕಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಕಳೆದ ತಿಂಗಳು ನಮ್ಮ ಜಮಾಅತ್ ಕಮಿಟಿಗೆ ಒಂದು ಕಾಗದ ಕೊಟ್ಟೆ. ಚಿಕಿತ್ಸೆಗೆ ಎತ್ತುವ ಚಂದಾದಿಂದ ನೂರಕ್ಕೆ ಐದು ರೂಪಾಯಿ ಬೇರೆ ತೆಗೆದಿಟ್ಟು, ವರ್ಷಕ್ಕೆ ಎರಡು ಸಲ ಮದರಸದಲ್ಲಿ ಹೆಂಗಸರಿಗೆ ತಪಾಸಣೆ ಇಡಿ, ಗಂಟು ಸಿಕ್ಕಿದವರನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಸೂಜಿ ಪರೀಕ್ಷೆ ಮಾಡಿಸುವ ತನಕ ಅದೇ ಹಣದಲ್ಲಿ ನೋಡಿಕೊಳ್ಳಿ ಎಂದು. ಗಂಡ ಗಲ್ಫಿನಲ್ಲಿರುವವಳಿಗೆ ಕಾರು ಬಿಟ್ಟುಕೊಡಲು ನಾಲ್ಕು ಹುಡುಗರ ನಂಬರ್ ಬರೆದಿಡಿ ಎಂದೂ ಬರೆದೆ. ಸೆಕ್ರೆಟರಿಯವರು ನನ್ನ ಉಪ್ಪನ ಸ್ನೇಹಿತರು, ಒಳ್ಳೆಯ ಮನುಷ್ಯರು. ಓದಿ ಕನ್ನಡಕ ತೆಗೆದರು. “ಎಲ್ಲಾ ಸರಿ ಮಗಳೇ, ಆದರೆ ಇದನ್ನು ಮೈಕಿನಲ್ಲಿ ಹೇಗೆ ಹೇಳುವುದು?” ಎಂದರು. “ನಿಮಗೆ ಆಗದಿದ್ದರೆ ಮೈಕ್ ನಮಗೆ ಕೊಡಿ” ಎಂದೆ. ನಕ್ಕರು. ಆಗಲಿ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಕಾಗದ ಈಗ ಅವರ ಮೇಜಿನ ಮೇಲಿದೆ. ಒಬ್ಬರು ಲೇಡಿ ಡಾಕ್ಟರು ಬರಲು ಒಪ್ಪಿದ್ದಾರೆ, ಫೀಸು ಬೇಡ ಎಂದಿದ್ದಾರೆ. ಅವರು ಕೇಳಿದ್ದು ಒಂದು ಮಂಚ, ಒಂದು ಪರದೆ, ಕೈ ತೊಳೆಯಲು ನೀರು. ಭಾನುವಾರ ಮಧ್ಯಾಹ್ನ ಮದರಸದ ನಾಲ್ಕೂ ಕೋಣೆ ಖಾಲಿಯೇ ಇರುತ್ತವೆ. ಕಮಿಟಿಯ ಮೀಟಿಂಗ್ ಮುಂದಿನ ವಾರ.