ದ್ರಾಕ್ಷಾಪಾಕವೂ ಹೆಣ್ಣಾಳಿನ ಕೂಲಿಯೂ

ಬಾಯಿಗಿಟ್ಟೊಡನೆ ರಸವೀಯುವ ಕವಿತೆಗೆ ದ್ರಾಕ್ಷಾಪಾಕವೆಂದೂ, ಒಡೆದು ಸುಲಿದಲ್ಲದೆ ರಸ ಕೊಡದ ಕವಿತೆಗೆ ನಾರಿಕೇಳಪಾಕವೆಂದೂ ಆಲಂಕಾರಿಕರು ಹೆಸರಿಟ್ಟಿರುವರು. ತಿನ್ನುವವನಿಗೆ ದ್ರಾಕ್ಷಿಯು ಸುಲಭವೇ ಸರಿ. ಬೆಳೆಯುವ ಕೈಗೆ ಮಾತ್ರ ಅದು ಶುದ್ಧ ನಾರಿಕೇಳಪಾಕವು. ಬಾಗಲಕೋಟೆ ಸೀಮೆಯ ತೋಟಗಳಲ್ಲಿ ಆ ಕೈಗಳೊಳಗೆ ಅನೇಕವು ಹೆಂಗಸರವು. ಸಂಜೆಯ ಬಟವಾಡೆಯಲ್ಲಿ ಆ ಕೈಗಳಿಗೆ ಬೀಳುವ ಹಣವು ಗಂಡಾಳಿನದಕ್ಕಿಂತ ಕಡಿಮೆ.

“ಗಂಡಸಿನದು ಭಾರದ ಕೆಲಸ, ಹೆಂಗಸಿನದು ಹಗುರ” ಎಂಬುದು ಇದಕ್ಕೆ ಕೊಡುವ ಸಮಾಧಾನ. ಇದನ್ನು ಪರೀಕ್ಷಿಸತಕ್ಕದ್ದು.

ಈ ಸೀಮೆಯಲ್ಲಿ ದ್ರಾಕ್ಷಿಗೆ ವರ್ಷಕ್ಕೆ ಎರಡು ಚಾಟನಿ, ಒಂದೇ ಫಸಲು. ಗೊನೆಯು ಹೊರಬೀಳುವದು ಅಕ್ಟೋಬರದ ಚಾಟನಿಯ ತರುವಾಯ. ಆದರೆ ಆ ಗೊನೆಯು ಮೊಗ್ಗಿನೊಳಗೆ ಸೂಕ್ಷ್ಮವಾಗಿ ರೂಪುಗೊಳ್ಳುವದು ಏಪ್ರಿಲದ ಚಾಟನಿಯ ನಂತರದ ಬೇಸಿಗೆಯ ವಾರಗಳಲ್ಲಿ. ಆಗ ಹೆಚ್ಚಿನ ಚಿಗುರನ್ನು ಚಿವುಟಿ, ಉಳಿದ ಕಡ್ಡಿಯನ್ನು ತಂತಿಗೆ ಕಟ್ಟಿ, ಮೊಗ್ಗಿಗೆ ಬೆಳಕು ತಾಗುವಂತೆ ಮಾಡದಿದ್ದರೆ ಮುಂದೆ ಗೊನೆಯ ಬದಲು ಬರಿಯ ಬಳ್ಳಿ ಹಬ್ಬುವದು. ಕತ್ತರಿಯು ಸಾಮಾನ್ಯವಾಗಿ ಗಂಡಸಿನ ಕೈಯಲ್ಲಿ. ಚಿವುಟುವದೂ ಕಟ್ಟುವದೂ ಹೆಂಗಸಿನ ಪಾಲು. ಯಾವದು ತಪ್ಪದೆ ಮುಂಚೆ ಇರದಿದ್ದರೆ ಕಾರ್ಯವು ಹುಟ್ಟಲಾರದೋ ಅದೇ ಕಾರಣವೆಂದು ತಾರ್ಕಿಕರ ಮತ. ಹಾಗಾದರೆ ಫೆಬ್ರುವರಿ-ಮಾರ್ಚಿನಲ್ಲಿ ತಕ್ಕಡಿಗೆ ಬರುವ ಹಣ್ಣಿಗೆ ಮೇ ತಿಂಗಳಿನ ಆ ಬೆರಳುಗಳು ಕಾರಣವಲ್ಲವೆ? ಇಳಕಲ್ಲ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವಲ್ಲಿ ಏನು ಭಾರವಿದೆ? ಆದರೂ ಆ ಕೊಂಡಿಯಿಲ್ಲದೆ ಇಳಕಲ್ಲ ಸೀರೆಯೇ ಇಲ್ಲ. ಇರಲಿ, 40 ಅಂಶದ ಸಮೀಪಕ್ಕೇರುವ ಬಿಸಿಲಿನಲ್ಲಿ ದಿನವೆಲ್ಲ ಕೈ ಮೇಲೆತ್ತಿ ದುಡಿಯುವದು ಹಗುರವೆನ್ನುವವರು ಒಂದು ದಿನ ಹಾಗೆ ನಿಂತು ನೋಡಲಿ.

“ಪೇಟೆಯ ಧಾರಣೆ ಬೀಳುವದು, ಒಕ್ಕಲಿಗನು ಸಾಲದಲ್ಲಿರುವನು” ಎಂಬುದು ಎರಡನೆಯ ವಾದ. ಇದು ಸುಳ್ಳಲ್ಲ. ಆದರೆ ಬಡತನವೇ ಕಾರಣವಾಗಿದ್ದರೆ ಇಬ್ಬರ ಕೂಲಿಯೂ ಸಮನಾಗಿ ಇಳಿಯಬೇಕಾಗಿತ್ತು. ಒಬ್ಬರದೇ ಇಳಿಯುವದು ಬಡತನದಿಂದಲ್ಲ, ರೂಢಿಯಿಂದ. ಆ ರೂಢಿಗೆ ಬಲ ಕೊಡುವದು ನಿರುಪಾಯ. ಬಾದಾಮಿ, ಹುನಗುಂದ, ಇಳಕಲ್ಲಿನ ಮಳೆಯಾಶ್ರಿತ ಹಳ್ಳಿಗಳಲ್ಲಿ ಬೇಸಿಗೆಗೆ ಹೊಲದ ಕೆಲಸ ನಿಲ್ಲುವದು. ಗೋವೆಗೂ ಮಂಗಳೂರಿಗೂ ದುಡಿಯಲು ಹೋಗಲಾರದೆ ಮಕ್ಕಳೊಡನೆ ಮನೆಯಲ್ಲುಳಿದವಳು ಹತ್ತಿರದ ನೀರಾವರಿ ತೋಟದಲ್ಲಿ ಕೊಟ್ಟಷ್ಟನ್ನು ತೆಗೆದುಕೊಳ್ಳುವಳು. ಅನ್ಯ ದಾರಿಯಿಲ್ಲದವಳ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯುವದು ಎಲ್ಲಿಯ ನ್ಯಾಯ?

ಕಾಯಿದೆಯೇನೋ ಇದೆ. 1976ರ ಸಮಾನ ವೇತನದ ಕಾಯಿದೆಯು ಸ್ತ್ರೀಪುರುಷರೊಳಗಿನ ಭೇದವನ್ನು ನಿಷೇಧಿಸಿತು; 2019ರ ವೇತನ ಸಂಹಿತೆಯು ಅದೇ ತತ್ತ್ವವನ್ನು ಎತ್ತಿಹಿಡಿಯಿತು. ದ್ರಾಕ್ಷಾರಸದ ಉದ್ಯಮವನ್ನು ಬೆಳೆಸಲು 2007ರಲ್ಲಿ ರಾಜ್ಯವು ಒಂದು ನೀತಿಯನ್ನೇ ರಚಿಸಿತು. 2008ರಲ್ಲಿ ಬಾಗಲಕೋಟೆಗೆ ತೋಟಗಾರಿಕೆಯ ವಿಶ್ವವಿದ್ಯಾಲಯವೂ ಬಂದಿತು. ಬಳ್ಳಿಗೆ ಇಷ್ಟು ಉಪಚಾರ ದೊರೆತಿರುವಾಗ ಬಳ್ಳಿ ಕಟ್ಟುವವಳು ಮಾತ್ರ ರೂಢಿಯ ಕೈಗೆ ಬಿಟ್ಟವಳಾಗಿರುವಳು.

ತೋಟವುಳ್ಳ ಸುಶಿಕ್ಷಿತ ಮನೆತನಗಳು ಕಾಯಿದೆಯ ಅಧಿಕಾರಿಯು ಬರುವವರೆಗೆ ಕಾಯಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ಹೆಣ್ಣಾಳಿನ ಹೆಸರನ್ನೂ ಬರೆಯುವದು, ಸಮಾನ ಹೊತ್ತಿಗೆ ಸಮಾನ ಕೂಲಿ ಕೊಡುವದು, ನಡುಹಗಲಿಗೆ ನೆರಳನ್ನೂ ನೀರನ್ನೂ ವಿಶ್ರಾಂತಿಯನ್ನೂ ಒದಗಿಸುವದು: ಇಷ್ಟನ್ನು ಬರುವ ಬೇಸಿಗೆಯ ಮೊದಲ ಬಟವಾಡೆಯಿಂದಲೇ ಆರಂಭಿಸಬಹುದು. ಅಲ್ಲಿಯವರೆಗೆ ಆ ಮನೆತನಗಳ ಜಗಲಿಯ ಮೇಲೆ ಸ್ತ್ರೀಶಿಕ್ಷಣದ ಕುರಿತು ನಡೆಯುವ ಭಾಷಣಗಳನ್ನು ತೋಟದ ಹೆಣ್ಣಾಳು ನಂಬದಿದ್ದರೆ ತಪ್ಪು ಅವಳದಲ್ಲ.