ಹೆಕ್ಕಿ ತರುವ ಮರಿಗೆ ಮೊದಲು 'ಬಿಡು' ಕಲಿಸಿ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಅಡಿಕೆ ತೋಟವಿದ್ದು ನಾಯಿ ಇಲ್ಲದ ಮನೆ ಅಪರೂಪ. ಮಂಗ, ಹಂದಿ, ನವಿಲುಗಳ ಉಪದ್ರ ಹೆಚ್ಚಿದಂತೆ ಒಂದು ನಾಯಿ ಇದ್ದಲ್ಲಿ ಎರಡಾಗಿವೆ. ಊರ ನಾಯಿಯ ಜೊತೆಗೆ ಪೇಟೆಯಿಂದ ಲ್ಯಾಬ್ರಡಾರ್ ಮರಿ ತರುವವರೂ ಇದ್ದಾರೆ. ಆ ಮರಿ ಚಪ್ಪಲಿ, ತೆಂಗಿನ ಸಿಪ್ಪೆ, ಮುಟ್ಟಾಳೆ ಎಂದು ಕಂಡದ್ದನ್ನೆಲ್ಲ ಕಚ್ಚಿ ತಂದು ಜಗಲಿಯಲ್ಲಿ ಹಾಕತೊಡಗಿದರೆ ಹಿರಿಯರ ಕಣ್ಣು ಅರಳುತ್ತದೆ. "ಇದನ್ನು ಪಳಗಿಸಿದರೆ ಕಾಡುಕೋಳಿ ಹೆಕ್ಕಿ ತಂದೀತು" ಎನ್ನುತ್ತಾರೆ. ತೋಟ ನೋಡಲು ಹೋದಾಗ ಕೊಳೆರೋಗದ ಮಾತು ಮುಗಿದ ಮೇಲೆ, ಹೇಗೆ ಕಲಿಸುವುದೆಂದು ನನ್ನನ್ನೂ ಕೇಳುವವರಿದ್ದಾರೆ. ನನ್ನ ಅಭಿಪ್ರಾಯವಿಷ್ಟೆ: ಧಾರಾಳವಾಗಿ ಪಳಗಿಸಿ. ಆದರೆ ಪಾಠವನ್ನು ನಿಜವಾದ ಹಕ್ಕಿಯವರೆಗೆ ಒಯ್ಯಬೇಡಿ.

ಹಿರಿಯರ ಆಸೆ ಎಲ್ಲಿಂದ ಬಂತೆಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಪೊನ್ನಿ ತಿಂಗಳ ಕೊನೆಗೆ ಕೆಡ್ಡಸ ಬಂದಾಗ ನೆಲಕ್ಕೆ ಹಾರೆ ತಾಗಿಸದೆ ಗಂಡಸರು ಬೋಂಟೆಗೆ ಹೊರಡುತ್ತಿದ್ದ ಕಾಲವಿತ್ತು. ನಾಯಿಯಿಲ್ಲದೆ ಬೋಂಟೆಯಿಲ್ಲ. ಆ ಕಾಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತೆರೆ ಎಳೆಯಿತು. ಇಲ್ಲಿ ಅನೇಕರು ತಿಳಿಯದ ಒಂದು ಸಂಗತಿಯಿದೆ. ಆ ಕಾಯಿದೆಯಲ್ಲಿ 'ಬೇಟೆ' ಎಂದರೆ ಕೋವಿಯಿಂದ ಹೊಡೆಯುವುದು ಮಾತ್ರವಲ್ಲ. ಹಿಡಿಯುವುದು, ಅಟ್ಟುವುದು, ಉರುಳು ಒಡ್ಡುವುದು, ಹಕ್ಕಿಯ ಮೊಟ್ಟೆ ತೆಗೆಯುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. "ನಾನು ಹೊಡೆದದ್ದಲ್ಲ, ನಾಯಿ ಹಿಡಿದದ್ದು" ಎಂಬ ಉತ್ತರ ನಿಲ್ಲುವುದಿಲ್ಲ. ನವಿಲು ಮೊದಲನೆಯ ಅನುಸೂಚಿಯ ಹಕ್ಕಿ. ಅದನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. 2022ರ ತಿದ್ದುಪಡಿಯ ನಂತರ ದಂಡವೂ 25,000 ರೂಪಾಯಿಗೆ ಕಡಿಮೆಯಿಲ್ಲ. ಬೆಳೆ ರಕ್ಷಣೆಗೆಂದು ಪಡೆದ ಕೋವಿಯ ಪರವಾನಿಗೆ ಕಾಡುಕೋಳಿ ಹೊಡೆಯಲು ಕೊಟ್ಟ ಒಪ್ಪಿಗೆಯಲ್ಲ.

ಹಾಗಾದರೆ ಹೆಕ್ಕಿ ತರುವ ವಿದ್ಯೆ ವ್ಯರ್ಥವೇ? ಅಲ್ಲ. ಲ್ಯಾಬ್ರಡಾರ್ ತಳಿಯನ್ನು ಬ್ರಿಟನ್ನಿನಲ್ಲಿ ಬೆಳೆಸಿದ್ದೇ ಹೊಡೆದ ಹಕ್ಕಿಯನ್ನು ಗಾಯಮಾಡದೆ ಕೈಗೆ ತಂದೊಪ್ಪಿಸಲು. ಅಲ್ಲಿ ಕೋವಿ, ಹಕ್ಕಿಗಳ ಪಾಠ ತೀರ ಕೊನೆಗೆ. ಅದಕ್ಕೆ ಮುಂಚಿನ ತಿಂಗಳುಗಳೆಲ್ಲ ಕರೆದರೆ ಬರುವುದು, ಕೂತಲ್ಲಿ ಕೂರುವುದು, ಮೆತ್ತಗೆ ಹಿಡಿಯುವುದು, ಕೇಳಿದಾಗ ಕೊಡುವುದು, ಇಷ್ಟಕ್ಕೇ ಹೋಗುತ್ತವೆ. ನಮ್ಮ ತೋಟಕ್ಕೆ ಬೇಕಾದದ್ದೂ ಇಷ್ಟೇ.

ಮರಿಗೆ ಎರಡು ತಿಂಗಳಾದಾಗಲೇ ಆಟದಂತೆ ತೊಡಗಬಹುದು. ಹಳೆಯ ಕಾಲುಚೀಲದಲ್ಲಿ ತೆಂಗಿನ ನಾರು ತುಂಬಿ ಬಾಯಿ ಹೊಲಿಯಿರಿ. ಅಂಗಳದಲ್ಲಿ ಬೇಡ, ಮರಿಗೆ ಓಡಿಹೋಗಲು ದಾರಿಗಳು ಹೆಚ್ಚು. ಒಂದು ತುದಿ ಮುಚ್ಚಿದ ಉದ್ದ ಜಗಲಿ ಒಳ್ಳೆಯದು. ನಾಲ್ಕು ಮಾರು ದೂರ ಎಸೆಯಿರಿ. ಮರಿ ಕಚ್ಚಿಕೊಂಡ ಕೂಡಲೇ ಅದರ ಹಿಂದೆ ಓಡಬೇಡಿ. ಓಡಿದರೆ ಅದಕ್ಕೆ ಕಳ್ಳಾಟವೇ ರುಚಿಸುತ್ತದೆ. ನೀವೇ ಹಿಂದೆ ಸರಿಯುತ್ತ ಹೆಸರು ಹಿಡಿದು ಕರೆಯಿರಿ. ಬಂದಾಗ ಬಾಯಿಯಿಂದ ಕಸಿಯದೆ ಮೊದಲು ಬೆನ್ನು ತಡವಿ, ಆಮೇಲೆ ಗದ್ದದ ಅಡಿಗೆ ಕೈಯೊಡ್ಡಿ. ಮೂರು ಸಲ ಎಸೆದರೆ ಆ ಹೊತ್ತಿಗೆ ಸಾಕು. ಇನ್ನೂ ಬೇಕೆನ್ನುವಾಗಲೇ ನಿಲ್ಲಿಸುವುದು ಪಳಗಿಸುವವರ ಜಾಣತನ.

ನಾಲ್ಕರಿಂದ ಆರು ತಿಂಗಳ ನಡುವೆ ಹಲ್ಲು ಬದಲಾಗುತ್ತದೆ. ಆಗ ಎಳೆದಾಡಿದರೆ ಒಸಡು ನೊಂದು, ಮರಿ ಒಂದೋ ಹೆಕ್ಕುವುದನ್ನೇ ಬಿಡುತ್ತದೆ, ಇಲ್ಲವೇ ಹಟದಿಂದ ಅಗಿಯಲು ಕಲಿಯುತ್ತದೆ. ಮಕ್ಕಳು ಬೈರಾಸಿನ ಒಂದು ತುದಿ ಹಿಡಿದು, ಇನ್ನೊಂದು ತುದಿಯನ್ನು ನಾಯಿಯ ಬಾಯಿಗೆ ಕೊಟ್ಟು ಎಳೆದಾಡುವುದನ್ನು ತಡೆಯಿರಿ. ಕರೆಯುವ ಮಾತೂ ಮನೆಗೆಲ್ಲ ಒಂದೇ ಇರಲಿ. ಅಜ್ಜ 'ಬಲ' ಎನ್ನುತ್ತಾರೆ, ಅಮ್ಮ 'ಬಾ' ಎನ್ನುತ್ತಾರೆ, ಮಕ್ಕಳು 'ಕಮ್' ಎನ್ನುತ್ತಾರೆ. ಮೂರು ಭಾಷೆ ಬಲ್ಲ ನಾಯಿ ಯಾರ ಮಾತನ್ನೂ ಕೇಳದು!

ಇನ್ನು 'ಬಿಡು'. ನನ್ನ ಮಟ್ಟಿಗೆ ಇದೇ ಮುಖ್ಯ ಪಾಠ, 'ತಾ' ಎನ್ನುವುದಕ್ಕಿಂತ ಮುಂಚೆ ಬರಬೇಕಾದ ಪಾಠ. ಏನನ್ನಾದರೂ ಹೆಕ್ಕುವ ಸ್ವಭಾವದ ನಾಯಿಗೆ ನಮ್ಮ ತೋಟದಷ್ಟು ಅಪಾಯದ ಜಾಗ ಬೇರೆಯಿಲ್ಲ. ಕೊಕ್ಕೋ ಗಿಡದ ಬುಡದಲ್ಲಿ ಇಲಿಪಾಷಾಣವಿರುತ್ತದೆ. ಬ್ರೊಮಡಿಯೋಲೋನ್ ಬಿಲ್ಲೆ ತಿಂದ ನಾಯಿ ಅಂದೇ ಬೀಳುವುದಿಲ್ಲ. ನಾಲ್ಕಾರು ದಿನ ಕಳೆದು ರಕ್ತ ಹೆಪ್ಪುಗಟ್ಟದೆ ಸೊರಗುತ್ತದೆ. ಪಾಷಾಣ ತಿಂದು ಸತ್ತ ಇಲಿಗಳನ್ನು ತಿನ್ನುತ್ತ ಬಂದ ನಾಯಿಗೂ ಅದೇ ಗತಿ. ತಿಂದದ್ದು ತಿಳಿದರೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ, ಬಿಲ್ಲೆಯ ಕವರೂ ಜೊತೆಗಿರಲಿ. ಇದಕ್ಕೆ 'ಕೆ' ಜೀವಸತ್ವದ ಚಿಕಿತ್ಸೆಯಿದೆ. ಸತುವಿನ ಫಾಸ್ಫೈಡಾದರೆ ಅಷ್ಟು ಸಮಯ ಸಿಗದು. ಬಸವನಹುಳುವಿಗೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯೂ ನಾಯಿಗೆ ವಿಷವೇ. ಎಲ್ಲಕ್ಕಿಂತ ಘೋರವಾದದ್ದು, ಕಾಡಂಚಿನಲ್ಲಿ ಕೆಲವರು ಹಂದಿಗೆಂದು ಕಳ್ಳತನದಲ್ಲಿ ಇಡುವ ಸಿಡಿಮದ್ದಿನ ಉಂಡೆ. ಕಚ್ಚಿದೊಡನೆ ದವಡೆಯೇ ಹಾರಿಹೋಗುತ್ತದೆ. ಹೆಕ್ಕಲು ಮಾತ್ರ ಕಲಿತ ನಾಯಿ ಇವನ್ನೂ ಹೆಕ್ಕುತ್ತದೆ.

'ಬಿಡು' ಕಲಿಸಲು ಮುಷ್ಟಿಯಲ್ಲಿ ಒಣಮೀನಿನ ಚೂರು ಹಿಡಿದು ಮರಿಯ ಮೂತಿಗೆ ಒಡ್ಡಿ. ಅದು ನೆಕ್ಕಿ, ಪರಚಿ, ಬೇಸತ್ತು ಮುಖ ತಿರುಗಿಸಿದ ಕ್ಷಣಕ್ಕೆ 'ಬಿಡು' ಎಂದು, ಇನ್ನೊಂದು ಕೈಯಿಂದ ಬೇರೆ ಚೂರು ಕೊಡಿ. ವಾರ ಕಳೆದ ಮೇಲೆ ಚೂರನ್ನು ನೆಲದಲ್ಲಿಡಿ, ಆಮೇಲೆ ತೋಟದ ದಾರಿಯಲ್ಲಿ. ಆ ಬಳಿಕ ಹಗ್ಗ ಹಿಡಿದು ಮನೆಕೋಳಿಗಳ ನಡುವೆ ಅಡ್ಡಾಡಿಸಿ. ಕೋಳಿ ಪಟಪಟನೆ ಹಾರಿದರೂ ಕೂತಲ್ಲೇ ಕೂತ ಮರಿ ಪಾಸಾದಂತೆ. ಬೇಟೆಪಾಠದಲ್ಲಿ ಚೀಲಕ್ಕೆ ರೆಕ್ಕೆ ಕಟ್ಟಿ, ಆಮೇಲೆ ಸತ್ತ ಹಕ್ಕಿ, ಕೊನೆಗೆ ಬಿಸಿಯಾರದ ಹಕ್ಕಿ ಎಂದು ಮುಂದುವರಿಯುತ್ತಾರೆ. ನೀವು ಆ ಮೆಟ್ಟಲು ಹತ್ತಬೇಡಿ. ಗರಿಯ ಬೆನ್ನುಹತ್ತಿ ರೂಢಿಯಾದ ನಾಯಿಗೆ ಕಾಡುಕೋಳಿ, ತೋಡಿನ ಹುಂಡುಕೋಳಿ, ನೆರೆಮನೆಯ ಹೇಂಟೆ ಎಂಬ ಭೇದವಿಲ್ಲ. ಕೋಳಿಯ ದೆಸೆಯಿಂದ ಎರಡು ಮನೆಗಳ ಮಾತು ನಿಂತದ್ದನ್ನು ಯಾವ ಊರಿನಲ್ಲಿ ಕಾಣುವುದಿಲ್ಲ?

ನಮ್ಮಲ್ಲಿ ನಾಯಿಯನ್ನು ಹಗಲೆಲ್ಲ ಗೂಡಿನಲ್ಲಿಟ್ಟು ರಾತ್ರಿ ಬಿಡುವ ಕ್ರಮವಿದೆ. ನಾನು ಇದನ್ನು ಒಪ್ಪುವುದಿಲ್ಲ. ಮಂಗ ಬರುವುದು ಹಗಲಿಗೆ, ಆಗ ನಾಯಿ ಗೂಡಿನಲ್ಲಿ; ರಾತ್ರಿ ಬಿಟ್ಟರೆ ನೆರೆಯ ನಾಲ್ಕು ನಾಯಿ ಸೇರಿ ಗುಡ್ಡ ಹತ್ತುತ್ತವೆ. ಯಾರೂ ಕಲಿಸದೆ ಬೋಂಟೆ ಕಲಿಯುವುದು ಹೀಗೆ. ಸುಬ್ರಹ್ಮಣ್ಯ, ಬಿಳಿನೆಲೆ, ಕೊಲ್ಲಮೊಗ್ರು ಕಡೆಯ ಕಾಡಂಚಿನ ತೋಟದವರಿಗೆ ಚಿರತೆಯ ಭಯ ಬೇರೆ. ಹಂದಿಗೆ ಒಡ್ಡಿದ ತಂತಿಯ ಉರುಳೂ ನಾಯಿಯನ್ನು ಗುರುತಿಸುವುದಿಲ್ಲ. ಬೆಳಗ್ಗೆ ನೀವು ತೋಟಕ್ಕೆ ಇಳಿಯುವಾಗ ಜೊತೆಗೆ ಕರೆದೊಯ್ಯಿರಿ. ಬೇಲಿಯ ಉದ್ದಕ್ಕೂ ದಿನವೂ ಒಂದು ಸುತ್ತು ನಡೆಸಿ, ಬೇಲಿ ದಾಟಲು ನೋಡಿದಾಗಲೆಲ್ಲ ಕರೆದು ಹಿಂದಕ್ಕೆ ತನ್ನಿ. ಮಂಗನಿಗೆ ಬೊಗಳಿ, ಬೇಲಿಯಲ್ಲೇ ನಿಂತು, ಕರೆದಾಗ ತಿರುಗಿ ಬರುವ ನಾಯಿ ಆ ಸುತ್ತಿನಲ್ಲೇ ತಯಾರಾಗುತ್ತದೆ. ರಾತ್ರಿ ಗೂಡಿಗೆ ಹಾಕಿ. ಗೂಡು ಮನೆಯ ಗೋಡೆಗೆ ತಾಗಿ, ಚಿಲಕ ಗಟ್ಟಿಯಾಗಿರಲಿ.

ಕೊನೆಗೊಂದು ಮಾತು. ಮರಿಗೆ ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ಮತ್ತೊಂದು, ಬಳಿಕ ವರ್ಷಕ್ಕೊಮ್ಮೆ. ಮಳೆಗಾಲದ ಕೆಸರಿನಲ್ಲಿ ಇಲಿಜ್ವರ ನಾಯಿಗೂ ಬರುವುದರಿಂದ ಅದರ ಲಸಿಕೆಯನ್ನೂ ಕೇಳಿ ಪಡೆಯಿರಿ. ಬೋರ್ಡೋ ದ್ರಾವಣ ಸಿಂಪಡಿಸುವ ದಿನ ಮಾತ್ರ ಎಷ್ಟೇ ಪಳಗಿದ್ದರೂ ನಾಯಿ ಗೂಡಿನಲ್ಲೇ ಇರಲಿ. ಮೈಗೆ ಬಿದ್ದ ತುತ್ತವನ್ನು ಅದು ನೆಕ್ಕದೆ ಬಿಡುವುದಿಲ್ಲ.