220 ರೋಗಿಗಳ ಪುರಾವೆ ಸಾಲದು

ವಿದೇಶದಲ್ಲಿ ಒಪ್ಪಿಗೆ ಪಡೆದ ಕೆಲವು ಬಗೆಯ ಔಷಧಗಳಿಗೆ ಇಲ್ಲಿ ಮತ್ತೆ ಕ್ಲಿನಿಕಲ್ ಟ್ರಯಲ್ ಬೇಕಿಲ್ಲ ಎಂದು ಔಷಧ ಮಹಾನಿಯಂತ್ರಕರು 2024ರ ಆಗಸ್ಟ್ 7ರಂದು ಆದೇಶ ಹೊರಡಿಸಿದರು. ಸಾಂಕ್ರಾಮಿಕ ಕಾಲದ ಹೊಸ ಔಷಧಗಳೂ ಆ ಪಟ್ಟಿಯಲ್ಲಿವೆ. ಟ್ರಯಲ್ ಎಂದರೆ ವಿಳಂಬ, ವಿಳಂಬ ಎಂದರೆ ಸಾವು ಎನ್ನುವುದು ಇದನ್ನು ಬೆಂಬಲಿಸುವವರ ವಾದ. ಈ ವಾದ ತಪ್ಪು. ಕೋವಿಡ್‌ನಲ್ಲಿ ನಮಗೆ ಮುಳುವಾದದ್ದು ಟ್ರಯಲ್‌ಗಳ ನಿಧಾನಗತಿಯಲ್ಲ, ಅವುಗಳ ಸಣ್ಣ ಗಾತ್ರ. ಹೈದರಾಬಾದಿನಿಂದ ಬಂದ ಒಂದೇ ಔಷಧದ ಲೆಕ್ಕ ತೆಗೆದರೂ ಇದು ಸಾಬೀತಾಗುತ್ತದೆ.

ಆ ಔಷಧ 2-ಡಿಜಿ. ಮಿದುಳಿನ ಗಡ್ಡೆಗೆ ಕೊಡುವ ವಿಕಿರಣ ಚಿಕಿತ್ಸೆಯ ಜೊತೆಗೆ ಬಳಸಬಹುದೇ ಎಂದು ಡಿಆರ್‌ಡಿಒದ ಇನ್ಮಾಸ್ ಸಂಸ್ಥೆ ಇದನ್ನು ಬಹುಕಾಲ ಅಧ್ಯಯನ ಮಾಡಿತ್ತು. 2020ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಸಿಸಿಎಂಬಿ ನೆರವಿನಿಂದ ಕೊರೊನಾ ವೈರಸ್ ಮೇಲೆ ಪರೀಕ್ಷಿಸಲಾಯಿತು. ಅದೇ ನಗರದ ಡಾ. ರೆಡ್ಡೀಸ್ ಕಂಪನಿ ರೋಗಿಗಳ ತನಕ ತಂದಿತು. ಹಿಂದಿದ್ದ ವಿಜ್ಞಾನ ಆಕರ್ಷಕವಾಗಿತ್ತು. ಆಮ್ಲಜನಕ ಸಾಲದ ಜೀವಕೋಶ ಸಕ್ಕರೆಯನ್ನೇ ನೆಚ್ಚಿಕೊಳ್ಳುತ್ತದೆ. ಕೆರಳಿದ ರೋಗನಿರೋಧಕ ಕೋಶವೂ, ವೈರಸ್ ಹೊಕ್ಕ ಕೋಶವೂ ಹಾಗೆಯೇ. ಉರಿಯೂತ ಹೆಚ್ಚಿದಂತೆ ಆಕ್ಸಿಡೇಟಿವ್ ಒತ್ತಡ ಹೆಚ್ಚಿ ಶ್ವಾಸಕೋಶ ಇನ್ನಷ್ಟು ಕೆಡುತ್ತದೆ. ಸಕ್ಕರೆಯಂತೆಯೇ ಕಾಣುವ ಅಣುವೊಂದು ಒಳಹೊಕ್ಕು ಸಕ್ಕರೆಯ ದಾರಿಯನ್ನು ತಡೆದರೆ ಈ ಸರಪಳಿ ತುಂಡಾಗಬೇಕು. ಆಗಬೇಕು, ನಿಜ. ಆದರೆ ಆಯಿತೇ ಎಂದು ಹೇಳಬೇಕಾದವರು ರೋಗಿಗಳು.

ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಸತ್ತ 2021ರ ಮೇ ತಿಂಗಳ ಅದೇ ವಾರ ಸರ್ಕಾರ ಈ ಔಷಧದ ತುರ್ತು ಅನುಮತಿಯನ್ನು ಪ್ರಕಟಿಸಿತು. ಮೂರನೇ ದಿನಕ್ಕೆ ಕೃತಕ ಆಮ್ಲಜನಕದಿಂದ ಹೊರಬಂದವರು ಔಷಧ ಪಡೆದವರಲ್ಲಿ ಶೇ 42, ಪಡೆಯದವರಲ್ಲಿ ಶೇ 31 ಎಂದು ಪ್ರಕಟಣೆ ಹೇಳಿತು. ಸಿಲಿಂಡರ್‌ಗಾಗಿ ಊರೂರು ಅಲೆಯುತ್ತಿದ್ದ ಕುಟುಂಬಗಳಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕಿರಲಿಲ್ಲ. 42 ಮತ್ತು 31 ಎಲ್ಲರ ಬಾಯಲ್ಲೂ ಓಡಾಡಿದವು. ಅದೇ ಪ್ರಕಟಣೆಯಲ್ಲಿದ್ದ 220 ಎಂಬ ಸಂಖ್ಯೆಯನ್ನು ಎತ್ತಿ ಆಡಿದವರು ಕಡಿಮೆ. ಮೂರನೇ ಹಂತದ ಟ್ರಯಲ್‌ನಲ್ಲಿದ್ದ ಒಟ್ಟು ರೋಗಿಗಳು ಅಷ್ಟೇ. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ 27 ಆಸ್ಪತ್ರೆಗಳು ಭಾಗವಹಿಸಿದ್ದವು. ಸರಾಸರಿ ಒಂದು ಆಸ್ಪತ್ರೆಗೆ ಎಂಟು ಜನ.

220 ಜನರನ್ನು ಎರಡು ಸಮ ಗುಂಪು ಮಾಡಿ. ಶೇ 42 ಎಂದರೆ 46 ಜನ, ಶೇ 31 ಎಂದರೆ 34 ಜನ. ವ್ಯತ್ಯಾಸ ಹನ್ನೆರಡು ಜನ. ಸಂಖ್ಯಾಶಾಸ್ತ್ರದ ಸಾಮಾನ್ಯ ಸೂತ್ರ ಹಾಕಿದರೆ, ಶೇಕಡಾ 11 ಅಂಶಗಳ ಈ ಅಂತರದ ನಿಜವಾದ ಬೆಲೆ 23ರವರೆಗೂ ಇರಬಹುದು, ಸೊನ್ನೆಯೂ ಆಗಿರಬಹುದು. ಮೇಲಾಗಿ, ಆಮ್ಲಜನಕದ ಮಾಸ್ಕ್ ತೆಗೆಯುವ ದಿನವನ್ನು ನಿರ್ಧರಿಸುವವರು ವೈದ್ಯರು. ಸಾವಿಗೆ ಆ ಹಂಗಿಲ್ಲ. ಆದರೆ ಎಷ್ಟು ಜನ ಬದುಕಿದರು, ಎಷ್ಟು ಜನ ಸತ್ತರು ಎಂಬ ಲೆಕ್ಕ ಆ ಪ್ರಕಟಣೆಯಲ್ಲಿ ಇರಲಿಲ್ಲ.

ಇದರ ಪಕ್ಕದಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್ ಇಟ್ಟು ನೋಡಿ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪಡೆದವರು 2,104, ಪಡೆಯದವರು 4,321. ವೆಂಟಿಲೇಟರ್‌ನಲ್ಲಿದ್ದವರ ಸಾವು ಶೇ 41.4ರಿಂದ 29.3ಕ್ಕೆ ಇಳಿಯಿತು. ಬರೀ ಆಮ್ಲಜನಕದ ಮೇಲಿದ್ದವರಲ್ಲಿ ಶೇ 26.2ರಿಂದ 23.3ಕ್ಕೆ. ಜಗತ್ತಿನಾದ್ಯಂತ ಜೀವ ಉಳಿಸಿದ ಔಷಧವೊಂದು ಈ ಎರಡನೇ ಗುಂಪಿನಲ್ಲಿ ತಂದ ಲಾಭ ಶೇಕಡಾ ಮೂರು ಅಂಶದಷ್ಟು. ಅದನ್ನು ಕಾಣಲು ಆ ಗುಂಪೊಂದರಲ್ಲೇ 3,883 ರೋಗಿಗಳು ಬೇಕಾದರು. ಇದೇ ಡೆಕ್ಸಾಮೆಥಾಸೋನನ್ನು ಆಮ್ಲಜನಕದ ಮೇಲಿದ್ದ 220 ಜನರಲ್ಲಿ ಪರೀಕ್ಷಿಸಿದ್ದರೆ ಒಂದು ಕಡೆ ಸುಮಾರು 26 ಸಾವು, ಇನ್ನೊಂದು ಕಡೆ 29. ಆಕಸ್ಮಿಕ ಎಂದು ಫೈಲು ಮುಚ್ಚುತ್ತಿದ್ದರು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ರೋಗಿಗಳೆಲ್ಲ ಒಂದೇ ಪಾತ್ರೆಯ ಅಗುಳುಗಳಲ್ಲ.

ಮೂರನೇ ಗುಂಪೂ ಒಂದಿತ್ತು, ಆಮ್ಲಜನಕವೇ ಬೇಕಿಲ್ಲದವರದು. ಅಲ್ಲಿ ಸ್ಟೀರಾಯ್ಡ್ ಪಡೆದವರ ಸಾವು ಶೇ 17.8, ಪಡೆಯದವರದು 14. ಲಾಭದ ಸುಳಿವಿಲ್ಲ, ಹಾನಿಯಿಲ್ಲ ಎನ್ನುವ ಧೈರ್ಯವೂ ಇಲ್ಲ. ರೋಗಿಯ ಆಮ್ಲಜನಕದ ಮಟ್ಟವೇ ಔಷಧದ ಗುಣವನ್ನು ತೀರ್ಮಾನಿಸಿತ್ತು. ಇದನ್ನು ಲಕ್ಷಿಸದೆ ಎರಡನೇ ಅಲೆಯಲ್ಲಿ ಮನೆಮನೆಗಳಲ್ಲಿ ಸ್ಟೀರಾಯ್ಡ್ ಮಾತ್ರೆ ನುಂಗಿಸಲಾಯಿತು. ಮಧುಮೇಹದ ಜೊತೆ ಸೇರಿ ಅದು ಕಪ್ಪು ಶಿಲೀಂಧ್ರಕ್ಕೆ ದಾರಿಯಾಯಿತು. ಹೈದರಾಬಾದಿನ ಕೋಠಿಯ ಸರ್ಕಾರಿ ಇಎನ್‌ಟಿ ಆಸ್ಪತ್ರೆಯನ್ನು ಅದರ ಚಿಕಿತ್ಸೆಗೆಂದೇ ಮೀಸಲಿಡಬೇಕಾಯಿತು. ಸಣ್ಣ ಟ್ರಯಲ್ ಇಂಥ ಎಚ್ಚರಿಕೆಯನ್ನು ಕೊಡಲಾರದು. ಅಲ್ಲಿ ಗುಂಪು ಒಡೆಯಲು ಜನರೇ ಇರುವುದಿಲ್ಲ.

ತುರ್ತು ಸ್ಥಿತಿಯಲ್ಲಿ ಅಷ್ಟು ಪುರುಸೊತ್ತು ಎಲ್ಲಿತ್ತು ಎಂದು ಕೇಳುವವರಿದ್ದಾರೆ. ರಿಕವರಿ 2020ರ ಮಾರ್ಚ್‌ನಲ್ಲಿ ಆರಂಭವಾಗಿ ಜೂನ್ 16ಕ್ಕೆ ಈ ಉತ್ತರ ಕೊಟ್ಟಿತು. ನಮ್ಮ 220 ಜನರ ಟ್ರಯಲ್ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಡೆಯಿತು. ದೊಡ್ಡದೇ ಬೇಗ ಮುಗಿದಿತ್ತು. ನಮ್ಮವರಿಗೆ ಸಾಮರ್ಥ್ಯ ಇರಲಿಲ್ಲ ಎನ್ನುವಂತೆಯೂ ಇಲ್ಲ. ಐಸಿಎಂಆರ್ 39 ಆಸ್ಪತ್ರೆಗಳ 464 ರೋಗಿಗಳಲ್ಲಿ ಪ್ಲಾಸ್ಮಾ ಚಿಕಿತ್ಸೆಯನ್ನು ಪರೀಕ್ಷಿಸಿ, ಪ್ರಯೋಜನವಿಲ್ಲ ಎಂದು 2020ರಲ್ಲೇ ಪ್ರಕಟಿಸಿತು. ಅದನ್ನು ಮಾರ್ಗಸೂಚಿಯಿಂದ ಕೈಬಿಟ್ಟದ್ದು 2021ರ ಮೇ 17ರಂದು. 2-ಡಿಜಿಯ ಮೊದಲ ಕಂತನ್ನು ಸಚಿವರು ಬಿಡುಗಡೆ ಮಾಡಿದ್ದೂ ಅದೇ ದಿನ.

ಪ್ರಯೋಗಾಲಯದ ತರ್ಕಕ್ಕೆ ಮಾರುಹೋಗುವುದು ಹೈದರಾಬಾದಿಗೆ ಹೊಸದಲ್ಲ. 1888 ಮತ್ತು 1889ರಲ್ಲಿ ನಿಜಾಮರ ಹಣದಿಂದ ಅಲ್ಲಿ ನಡೆದ, ಅರಿವಳಿಕೆಗೆ ಬಳಸುತ್ತಿದ್ದ ಕ್ಲೋರೋಫಾರ್ಮ್ ಕುರಿತ ಆಯೋಗಗಳು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಉಸಿರನ್ನು ಕಾದರೆ ಸಾಕು, ಹೃದಯಕ್ಕೆ ನೇರ ಅಪಾಯವಿಲ್ಲ ಎಂದು ಸಾರಿದವು. ಆಯೋಗಗಳ ಹಿಂದಿದ್ದ ವೈದ್ಯ ಎಡ್ವರ್ಡ್ ಲಾರಿ ಅದನ್ನು ಕೊನೆಯ ಮಾತೆಂದೇ ನಂಬಿದ್ದರು. ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲದು ಎಂದು 1911ರಲ್ಲಿ ಲೆವಿ ಎಂಬ ಸಂಶೋಧಕರು ತೋರಿಸಿದರು.

2-ಡಿಜಿ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಹೌದೋ ಅಲ್ಲವೋ ಎಂದು ಹೇಳಬಲ್ಲಷ್ಟು ದೊಡ್ಡ ಪರೀಕ್ಷೆಯ ಮೇಲೆ ಆ ಅನುಮತಿ ನಿಂತಿರಲಿಲ್ಲ. ಒಂದು ಸ್ಯಾಶೆಗೆ 990 ರೂಪಾಯಿ ಕೊಟ್ಟು ಕೊಂಡವರಿಗೆ ಆ ಉತ್ತರ ಸಲ್ಲಬೇಕಿತ್ತು. ಈಗಿನ ವಿನಾಯಿತಿ ಆ ಕೊರತೆಯನ್ನು ತುಂಬುವುದಿಲ್ಲ. ನಮ್ಮಲ್ಲೇ ಹುಟ್ಟುವ ಔಷಧಕ್ಕೆ ಅದು ಅನ್ವಯಿಸುವುದೂ ಇಲ್ಲ. ಬೇಕಿರುವುದು ಗಾಂಧಿ, ಉಸ್ಮಾನಿಯಾ, ನಿಮ್ಸ್, ವಿಕ್ಟೋರಿಯಾ, ಹುಬ್ಬಳ್ಳಿಯ ಕಿಮ್ಸ್‌ನಂಥ ಸಾರ್ವಜನಿಕ ಆಸ್ಪತ್ರೆಗಳನ್ನು ಬೆಸೆಯುವ ಒಂದು ಶಾಶ್ವತ ಟ್ರಯಲ್ ಜಾಲ. ಅದರ ವಿಧಾನಪತ್ರ ಮತ್ತು ನೈತಿಕ ಸಮಿತಿಗಳ ಒಪ್ಪಿಗೆ ಮೊದಲೇ ಸಿದ್ಧವಿರಲಿ. ತುರ್ತು ಅನುಮತಿ ಕೊಡುವ ದಿನವೇ ಸಾವು-ಬದುಕಿನ ಪೂರ್ತಿ ಲೆಕ್ಕ ಪ್ರಕಟವಾಗಲಿ, ಇಷ್ಟು ಸಾವಿರ ರೋಗಿಗಳ ಅಧ್ಯಯನ ಇಂಥ ದಿನದೊಳಗೆ ಮುಗಿಯಬೇಕೆಂಬ ಷರತ್ತು ಅನುಮತಿ ಪತ್ರದಲ್ಲೇ ಇರಲಿ. ಗಡುವು ಮೀರಿದರೆ ಅನುಮತಿ ತಾನಾಗಿಯೇ ರದ್ದಾಗಲಿ.